ಕಾಯಿಲೆಯ ನಂತರ ಕೈಗೆ ಬಂದ ಕಸುಬು

ಕಾಪಿರೈಟಿಂಗ್ ಎಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ಸಾಬೂನು, ಟೂತ್‌ಪೇಸ್ಟ್, ಬೆಣ್ಣೆಗಳ ಜಾಹೀರಾತು. ಕೆಲವರಂತೂ ಅದನ್ನು ಕಾಪಿರೈಟ್, ಅಂದರೆ ಕೃತಿಸ್ವಾಮ್ಯ ಎಂದೇ ತಿಳಿದು, "ನೀವು ವಕೀಲರೇನು?" ಎಂದು ನನ್ನನ್ನು ಕೇಳಿದ್ದುಂಟು. ನಾನು ವಕೀಲಳಲ್ಲ, ಮೂವತ್ತು ವರ್ಷ ಡೊಂಬಿವಲಿಯಲ್ಲಿ ಸಂಸಾರ ನಡೆಸಿದ ಗೃಹಿಣಿ. ಧಾರವಾಡದಲ್ಲಿ ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಮಾಡಿದ್ದು ಬಿಟ್ಟರೆ ಬೇರೆ ಬಿರುದು ಬಾವಲಿಗಳಿಲ್ಲ. ಈಗ ಐವತ್ತು ದಾಟಿದ ಮೇಲೆ ಸೇವಾ ಸಂಸ್ಥೆಗಳಿಗಾಗಿ ಬರೆಯುವುದು ನನ್ನ ಕಸುಬಾಗಿದೆ. ದಾನಿಗಳಿಗೆ ಮನವಿ ಪತ್ರ, ಧನ್ಯವಾದ ಪತ್ರ, ವಾರ್ಷಿಕ ವರದಿ, ಕಂಪನಿಗಳಿಗೆ ಸಲ್ಲಿಸುವ ಪ್ರಸ್ತಾವ, ಇಂಥವು. ಕಚೇರಿ, ಹಾಜರಿ ಪುಸ್ತಕ ಯಾವುದೂ ಇಲ್ಲ. ಕೆಲಸ ಬಂದಾಗ ಒಪ್ಪಿಕೊಂಡು, ಮನೆಯಲ್ಲೇ ಕೂತು ಬರೆದು, ಬಿಲ್ ಕಳಿಸುವುದು. ಇದಕ್ಕೆ ಫ್ರೀಲಾನ್ಸ್ ಎನ್ನುತ್ತಾರೆ.

ಇದರಲ್ಲಿ ಹೊಟ್ಟೆಪಾಡು ನಡೆಯುತ್ತದೆಯೇ, ಇದು ಸಮಾಜಸೇವೆಯೋ ಸಂಪಾದನೆಯೋ ಎಂದು ನಮ್ಮ ಸಂಘದ ತರುಣ ತರುಣಿಯರು ಆಗಾಗ ವಿಚಾರಿಸುತ್ತಾರೆ. ಈ ಊರಲ್ಲೇ ಹುಟ್ಟಿ ಬೆಳೆದು, ಕನ್ನಡವನ್ನು ಮನೆಯಲ್ಲಷ್ಟೇ ಆಡುವ ನಿಮಗೆ ಈ ಕೆಲಸ ನನಗಿಂತಲೂ ಚೆನ್ನಾಗಿ ಹೊಂದೀತು ಎಂಬುದು ನನ್ನ ನಂಬಿಕೆ. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ನಾನು ಇದಕ್ಕೆ ಬಂದ ದಾರಿ.

ಅಲ್ಲೇ ಕುಳಿತಿದ್ದೂ ಇಲ್ಲದಂತೆ

2019ರಲ್ಲಿ ನನಗೆ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಈ ಹೆಸರನ್ನು ನಮ್ಮಲ್ಲಿ ಇಂದಿಗೂ ದನಿ ತಗ್ಗಿಸಿ ಹೇಳುವ ರೂಢಿಯಿದೆ. ಬಿಡಿಸಿ ಹೇಳುವುದೇ ಮೇಲು. ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆ ಎಂದು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಅದಕ್ಕೂ ಮೊದಲು ಗಣೇಶ ಚೌತಿ, ದೀಪಾವಳಿಗಳಿಗೆ ಚಕ್ಕಲಿ, ಕರ್ಚಿಕಾಯಿ, ಹೋಳಿಗೆಗಳ ಆರ್ಡರ್ ಹಿಡಿದು ನಾಲ್ಕು ಕಾಸು ಕಾಣುತ್ತಿದ್ದೆ. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಬದಿಯ ಕೈ ಬಾತುಕೊಳ್ಳುವ ಭಯವಿರುತ್ತದೆ. ಸುಟ್ಟ ಗಾಯ, ಕೊಯ್ದ ಗಾಯ ಆಗದಂತೆ ನೋಡಿಕೊಳ್ಳಬೇಕು, ಭಾರ ಎತ್ತುವಾಗ ಎಚ್ಚರ ಬೇಕು ಎಂದು ವೈದ್ಯರು ಹೇಳಿದರು. ಕಾದ ಎಣ್ಣೆಯ ಬಾಣಲೆಯ ಮುಂದೆ ದಿನಗಟ್ಟಲೆ ನಿಲ್ಲುವ ಆ ಉದ್ಯೋಗ ಅಲ್ಲಿಗೆ ಮುಗಿಯಿತು. ಉಳಿತಾಯ ಕರಗಿತ್ತು. ಯಜಮಾನರ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು.

"ಅಮ್ಮಾ, ನೀ ಇನ್ನ ಆರಾಮಾಗಿ ಕೂಡು" ಎಂದು ಮಕ್ಕಳು ಹೇಳುತ್ತಿದ್ದರು. ವಿಶ್ರಾಂತಿ ಎಂಬುದು ಮೊದಮೊದಲು ಔಷಧ. ಅಳತೆ ಮೀರಿದರೆ ಅದೇ ಇನ್ನೊಂದು ಕಾಯಿಲೆ. ನೋಡಲು ಬಂದವರು ನನ್ನನ್ನು ಮಾತಾಡಿಸದೆ ಯಜಮಾನರ ಕಡೆ ತಿರುಗಿ, "ಈಗ ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ನಾನು ಎದುರಿಗೇ ಕುಳಿತಿರುತ್ತಿದ್ದೆ! ಮೈಯ ನೋವಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇದು. ಕಾಯಿಲೆ ಬಿದ್ದವಳ ವಿಷಯ ಎಲ್ಲರೂ ಮಾತಾಡುತ್ತಾರೆ, ಅವಳೊಡನೆ ಮಾತಾಡುವವರು ಕಡಿಮೆ.

ಕೀಮೋಥೆರಪಿಯ ನಂತರ ಮರೆವೂ ಬರುತ್ತದೆ. ಕೊತ್ತಂಬರಿ ಎಂಬ ಪದ ಬಾಯಿಗೆ ಬಾರದೆ ತರಕಾರಿಯವನಿಗೆ "ಆ ಹಸಿರು" ಎಂದು ಕೈ ತೋರಿಸಿದ್ದೇನೆ. ಬೆರಳ ತುದಿಗಳು ಜೋಮು ಹಿಡಿದಂತೆ ಇದ್ದವು. ಫಿಸಿಯೋಥೆರಪಿಯವರು ಬೆರಳುಗಳಿಗೆ ಕೆಲಸ ಕೊಡಿ ಎಂದಾಗ ಮಗಳ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಟೈಪು ಮಾಡತೊಡಗಿದೆ. ದೊಡ್ಡ ದೊಡ್ಡ ಪದಗಳು ನೆನಪಾಗದ ಕಾರಣ ಸಣ್ಣ ಪದಗಳಲ್ಲೇ ಬರೆದೆ. ಮುಂದೆ ಹಿಡಿಯಲಿದ್ದ ಕಸುಬಿಗೆ ಬೇಕಾದದ್ದೂ ಅದೇ ಎಂದು ಆಗ ಗೊತ್ತಿರಲಿಲ್ಲ.

ಕರಪತ್ರ ಕಲಿಸಿದ ಪಾಠ

ಚಿಕಿತ್ಸೆಯ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಒಮ್ಮೆ ಯಾವುದೋ ಸಂಸ್ಥೆಯವರು ಒಂದು ಇಂಗ್ಲಿಷ್ ಕರಪತ್ರ ಹಂಚಿ ಹೋದರು. ಪಕ್ಕದಲ್ಲಿ ವಿಜಾಪುರದ ಕಡೆಯ ಹೆಣ್ಣುಮಗಳೊಬ್ಬಳು ಮಗನ ಚಿಕಿತ್ಸೆಗೆಂದು ಬಂದು ಕುಳಿತಿದ್ದಳು. ನಾನು ಫೋನಿನಲ್ಲಿ ಆಡಿದ ಮಾತಿನಿಂದ ಕನ್ನಡದವಳೆಂದು ಗುರುತು ಹಿಡಿದು, "ಅಕ್ಕಾರ, ಇದರಾಗ ನಮ್ಮ ಬಗ್ಗೆ ಏನ್ ಬರದಾರ್ರೀ?" ಎಂದು ಕೇಳಿದಳು.

ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ನತದೃಷ್ಟರು, ಅಸಹಾಯಕರು, ತುತ್ತು ಅನ್ನಕ್ಕೆ ಕೈಯೊಡ್ಡುವವರು ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು. ಇಂಗ್ಲಿಷಿನಲ್ಲಿ ಓದುವಾಗ ಎಲ್ಲೂ ಚುಚ್ಚದೆ ಜಾರಿಹೋಗಿದ್ದ ಆ ಪದಗಳು, ಆಕೆಯ ಮುಖ ನೋಡಿ ಕನ್ನಡದಲ್ಲಿ ಹೇಳಬೇಕೆನ್ನುವಾಗ ನಾಲಿಗೆಯ ಮೇಲೆ ಏಳಲಿಲ್ಲ. "ದೂರದಿಂದ ಬಂದವರ ಊಟಕ್ಕ ರೊಕ್ಕ ಕೇಳ್ಯಾರವ್ವಾ" ಎಂದಷ್ಟೇ ಹೇಳಿದೆ. ಆಕೆ ತಟ್ಟನೆ, "ಊಟಾ ಹೆಂಗರೆ ಆಗ್ತದ್ರೀ. ರಾತ್ರಿ ಹುಡುಗನ್ನ ಮಲಗಸಾಕ ಒಂದು ಖೋಲಿ ಬೇಕಾಗೇದ" ಎಂದಳು.

ಈ ಕಸುಬಿನ ಮುಖ್ಯ ಪಾಠಗಳೆರಡೂ ಅಲ್ಲೇ ಇವೆ. ಯಾರ ಕುರಿತು ಬರೆಯುತ್ತೇವೆಯೋ ಅವರ ಎದುರಿಗೆ, ಅವರ ಭಾಷೆಯಲ್ಲಿ ಓದಿ ಹೇಳಲಾಗದ ವಾಕ್ಯವನ್ನು ಬರೆಯಕೂಡದು. ಅವರಿಗೆ ಏನು ಬೇಕು ಎಂಬುದನ್ನು ಅವರನ್ನೇ ಕೇಳಬೇಕು. ಆಕೆ ಹೇಳಿದ ಕೊರತೆ ನಿಜವಾದದ್ದೇ. ಪರೇಲ್‌ನ ಫುಟ್‌ಪಾತ್‌ಗಳಲ್ಲಿ ರಾತ್ರಿ ಕಳೆಯುವ ರೋಗಿಗಳ ಕುಟುಂಬಗಳನ್ನು ನೀವೂ ನೋಡಿರುತ್ತೀರಿ. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಉಚಿತ ವಸತಿ ಕೊಡುತ್ತಿರುವುದು ಈ ಕೊರತೆಯನ್ನು ಕಂಡೇ.

ಪದ ಬದಲಾದರೆ ನೋಟವೂ ಬದಲಾಗುತ್ತದೆ. ಮುಂಬಯಿಯಲ್ಲಿ ವಿಮಾನದ ಪರ್ಸರ್ ಆಗಿದ್ದ ರಿಪ್ಪನ್ ಕಪೂರ್ 1979ರಲ್ಲಿ ಆರು ಮಂದಿ ಗೆಳೆಯರೊಡನೆ 50 ರೂಪಾಯಿಯಲ್ಲಿ ಆರಂಭಿಸಿದ ಸಂಸ್ಥೆ ಕ್ರೈ. ಅದರ ಶುಭಾಶಯ ಪತ್ರಗಳು ಒಂದು ಕಾಲದಲ್ಲಿ ನಮ್ಮ ಮನೆಗಳಿಗೆಲ್ಲ ಬರುತ್ತಿದ್ದವು. ಆಗ ಅದರ ಹೆಸರು ಚೈಲ್ಡ್ ರಿಲೀಫ್ ಅಂಡ್ ಯು; ಇಂದು ಚೈಲ್ಡ್ ರೈಟ್ಸ್ ಅಂಡ್ ಯು. ಪರಿಹಾರ ಎಂಬಲ್ಲಿ ಹಕ್ಕು ಬಂತು. ಅಂಶು ಗುಪ್ತ 1999ರಲ್ಲಿ ದೆಹಲಿಯಲ್ಲಿ 67 ಬಟ್ಟೆಗಳಿಂದ ಪ್ರಾರಂಭಿಸಿದ ಗೂಂಜ್ ಹಳೆಯ ಬಟ್ಟೆಯನ್ನು ದಾನವೆಂದು ಹಂಚುವುದಿಲ್ಲ. ಹಳ್ಳಿಯವರು ತಮ್ಮೂರಿಗೆ ಬೇಕಾದ ಬಾವಿ, ಬಿದಿರಿನ ಸೇತುವೆಗಳ ಕೆಲಸ ಮಾಡುತ್ತಾರೆ, ಬಟ್ಟೆ ಆ ದುಡಿಮೆಗೆ ಸಲ್ಲುತ್ತದೆ. ಅಂಶು ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪತ್ರಿಕೋದ್ಯಮ, ಜಾಹೀರಾತು ಓದಿದ ವ್ಯಕ್ತಿ ಎಂಬುದನ್ನು ಗಮನಿಸಿ.

ಮೊದಲ ಕೆಲಸ

ನಮ್ಮ ಬಡಾವಣೆಯಲ್ಲಿ ಒಂದು ಚಿಕ್ಕ ಸಂಸ್ಥೆ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತದೆ. ಅದರ ಮನವಿ ಪತ್ರ ಹೀಗೆ ಶುರುವಾಗುತ್ತಿತ್ತು: "ಸಮಾಜದ ಕಟ್ಟಕಡೆಯ ವಂಚಿತರ ಸರ್ವಾಂಗೀಣ ಸಬಲೀಕರಣಕ್ಕಾಗಿ ನಮ್ಮ ಸಂಸ್ಥೆ ಅಹರ್ನಿಶಿ ಶ್ರಮಿಸುತ್ತಿದೆ." ನಾನು ಎರಡು ಸಂಜೆ ಅಲ್ಲಿ ಹೋಗಿ ಕುಳಿತು, ಮಕ್ಕಳನ್ನೂ ತಾಯಂದಿರನ್ನೂ ಮಾತಾಡಿಸಿ ಹೀಗೆ ಬರೆದುಕೊಟ್ಟೆ: "ಸಂಜೆ ಐದರಿಂದ ಏಳರವರೆಗೆ ನಮ್ಮ ಕೋಣೆಯಲ್ಲಿ 32 ಮಕ್ಕಳು ಓದುತ್ತಾರೆ. ಅವರ ಮನೆಯಲ್ಲಿ ಆ ಹೊತ್ತಿಗೆ ಅಡುಗೆ, ಟಿ.ವಿ., ತಮ್ಮ ತಂಗಿಯರ ಗಲಾಟೆ ಎಲ್ಲ ಒಂದೇ ಕೋಣೆಯಲ್ಲಿ. ಇಲ್ಲಿ ದೀಪವಿದೆ, ಚಾಪೆಯಿದೆ, ತಿಳಿಯದ್ದನ್ನು ಹೇಳಿಕೊಡಲು ಒಬ್ಬ ಟೀಚರ್ ಇದ್ದಾರೆ. ಮುಂದಿನ ಜೂನ್‌ವರೆಗೆ ಆ ಟೀಚರ್ ಸಂಬಳಕ್ಕೆ ನಿಮ್ಮ ಸಹಾಯ ಬೇಕು."

ಎರಡರಲ್ಲೂ ಸುಳ್ಳಿಲ್ಲ. ಎರಡನೆಯದರಲ್ಲಿ ಓದುವವನಿಗೆ ಕಾಣಲು ಏನೋ ಇದೆ, ಮಾಡಲು ಒಂದು ಕೆಲಸವಿದೆ. ಹಳೆಯ ದಾನಿಗಳಲ್ಲಿ ಹಲವರು ಮತ್ತೆ ಕೊಟ್ಟರು. ಒಬ್ಬರು ಹೊಸ ಚಾಪೆಗಳನ್ನೇ ತಂದು ಹಾಕಿದರು. ಸಂಸ್ಥೆಯವರು ನನಗೆ 2,500 ರೂಪಾಯಿಯ ಚೆಕ್ ಕೊಟ್ಟರು. ಅದರ ಮೇಲೆ ನನ್ನ ಹೆಸರು ಪೂರ್ತಿ ಬರೆದಿತ್ತು. ಬಹಳ ದಿನಗಳ ನಂತರ ರೋಗಿಯ ಫೈಲು ಬಿಟ್ಟು ಬೇರೆ ಕಾಗದದ ಮೇಲೆ ನನ್ನ ಹೆಸರನ್ನು ನೋಡಿದೆ.

ಒಳ್ಳೆಯ ಮನವಿ ಪತ್ರದ ಕಟ್ಟು ಇಷ್ಟೇ: ಒಬ್ಬ ವ್ಯಕ್ತಿ ಅಥವಾ ಒಂದು ಜಾಗ, ಒಂದು ಸ್ಪಷ್ಟ ಅಗತ್ಯ, ಎಷ್ಟು ಹಣಕ್ಕೆ ಏನಾಗುತ್ತದೆ ಎಂಬ ಲೆಕ್ಕ, ಕೊನೆಗೆ ಒಂದೇ ಕೋರಿಕೆ. ಹಣ ಬಂದ ಮೇಲೆ ಬೇಗನೆ ಧನ್ಯವಾದ ಪತ್ರ, ಆರು ತಿಂಗಳಾದ ಮೇಲೆ ಏನಾಯಿತೆಂಬ ವರದಿ. ಅನೇಕ ಸಂಸ್ಥೆಗಳು ಕೇಳುವುದರಲ್ಲಿ ಮುಂದು, ಕೊಟ್ಟವರಿಗೆ ಸುದ್ದಿ ತಿಳಿಸುವುದರಲ್ಲಿ ಹಿಂದು. ನನಗೆ ಕೆಲಸ ಹೆಚ್ಚು ಸಿಕ್ಕಿದ್ದು ಈ ಧನ್ಯವಾದ ಪತ್ರಗಳಿಂದಲೇ.

ಹಣ ಮತ್ತು ಕಾನೂನು

"ಸಮಾಜಸೇವೆಯಲ್ಲವೇ, ಹಣ ಏಕೆ?" ಎಂದು ಕೇಳುವವರಿದ್ದಾರೆ. ಸಂಸ್ಥೆ ಮುದ್ರಣಾಲಯಕ್ಕೆ, ವಿದ್ಯುತ್ತಿಗೆ ಹಣ ಕೊಡುತ್ತದೆ, ಬರೆಯುವವರಿಗೂ ಕೊಡಬೇಕು. ಒಂದು ಸಂಸ್ಥೆ ವರದಿ ಬರೆಸಿಕೊಂಡು ಇಂದಿಗೂ ನನಗೆ ಹಣ ಕೊಟ್ಟಿಲ್ಲ. ಆದ್ದರಿಂದ ಕೆಲಸದ ವಿವರ, ಕೊಡುವ ದಿನ, ಮೊತ್ತ, ಎಷ್ಟು ಸಲ ತಿದ್ದಿಕೊಡಬೇಕು ಎಂಬುದನ್ನೆಲ್ಲ ಮೊದಲೇ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ; ಅರ್ಧ ಹಣ ಮುಂಗಡ ಕೇಳಿ. ಬಂದ ದೇಣಿಗೆಯಲ್ಲಿ ಶೇಕಡಾ ಇಷ್ಟು ಎಂಬ ಕಮಿಷನ್ ಮಾತ್ರ ಬೇಡ. ಕಣ್ಣೀರು ಹೆಚ್ಚಿಸಿದಷ್ಟೂ ಕಮಿಷನ್ ಹೆಚ್ಚು ಎಂದಾದರೆ ಪೆನ್ನು ಯಾವ ಕಡೆ ಹೊರಳುತ್ತದೆ ಎಂದು ಹೇಳಬೇಕಾಗಿಲ್ಲ.

ಕಂಪನಿಗಳ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಇದು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೀಗಾಗಿ ಸಣ್ಣ ಸಂಸ್ಥೆಗಳಿಗೂ ಒಪ್ಪವಾದ ಪ್ರಸ್ತಾವ, ವರದಿಗಳು ಬೇಕಾಗಿವೆ, ಬರೆಯಬಲ್ಲವರಿಗೆ ಕೆಲಸವಿದೆ. ಇನ್ನೊಂದು ಕಾನೂನನ್ನೂ ತಿಳಿದಿರಬೇಕು. ಬಾಲ ನ್ಯಾಯ ಕಾಯ್ದೆ 2015ರ 74ನೇ ಕಲಮು, ಪಾಲನೆ ಪೋಷಣೆಯ ಅಗತ್ಯವುಳ್ಳ ಮಕ್ಕಳ, ಅಪರಾಧಕ್ಕೆ ಬಲಿಯಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಮನ ಕರಗಿಸುವ ಫೋಟೋ ಸಿಕ್ಕಿತೆಂದು ಅಚ್ಚು ಹಾಕಿಸುವಂತಿಲ್ಲ. ದೊಡ್ಡವರ ವಿಷಯದಲ್ಲೂ ಒಪ್ಪಿಗೆ ಕೇಳಿ, ಬರೆದದ್ದನ್ನು ಓದಿ ಹೇಳಿ, ಬೇಡವೆಂದರೆ ಬಿಟ್ಟುಬಿಡಬೇಕು.

ಮೈ ಹೇಳಿದಂತೆ

ಕಾಯಿಲೆ ಕಂಡ ಮೈಗೆ ಅದರದೇ ಗಡಿಯಾರವಿದೆ. ನಾನು ನಲವತ್ತೈದು ನಿಮಿಷ ಬರೆದರೆ ಅರ್ಧ ಗಂಟೆ ಕೈ ಎತ್ತಿ ದಿಂಬಿನ ಮೇಲಿಟ್ಟು ಮಲಗುತ್ತೇನೆ. ಮೂರು ದಿನದ ಕೆಲಸಕ್ಕೆ ಐದು ದಿನ ಕೇಳುತ್ತೇನೆ. ತಪಾಸಣೆಯ ವಾರ ಕೆಲಸ ಒಪ್ಪಿಕೊಳ್ಳುವುದಿಲ್ಲ. ಆ ವಾರ ಕಣ್ಣು ಅಕ್ಷರದ ಮೇಲಿದ್ದರೂ ಮನಸ್ಸು ರಿಪೋರ್ಟಿನ ಮೇಲಿರುತ್ತದೆ. ಅದು ಮರುಕಳಿಸೀತೇ ಎಂಬ ಭಯ ಹೋಗಿದೆಯೆಂದು ಹೇಳಲಾರೆ. ಕೆಲಸವಿದ್ದ ದಿನ ಅದಕ್ಕೆ ಮನೆಯಿಡೀ ಓಡಾಡಲು ಪುರುಸೊತ್ತು ಸಿಗುವುದಿಲ್ಲ, ಅಷ್ಟೇ. ಸಂಪಾದನೆ ಒಂದು ತಿಂಗಳು ಇದ್ದರೆ ಒಂದು ತಿಂಗಳು ಇಲ್ಲ. ಇದೊಂದನ್ನೇ ನಂಬಿ ಸಂಸಾರ ಹೂಡಿ ಎಂದು ನಿಮಗೆ ಹೇಳುವುದಿಲ್ಲ. ನನ್ನ ಔಷಧ, ತಪಾಸಣೆಗಳ ಖರ್ಚು ಇದರಲ್ಲಿ ನಡೆಯುತ್ತದೆ. ಹಬ್ಬಕ್ಕೆ ಮಗಳಿಗೆ ಸೀರೆ ಕೊಡಿಸುವಷ್ಟು ಉಳಿಯುತ್ತದೆ.

ಇನ್ನು ನಿಮಗೇಕೆ ಇದು ಹೊಂದುತ್ತದೆ ಎಂಬ ಮಾತು. ನೀವು ಶಾಲೆಯಲ್ಲಿ ಇಂಗ್ಲಿಷ್, ರಸ್ತೆಯಲ್ಲಿ ಮರಾಠಿ ಹಿಂದಿ, ಮನೆಯಲ್ಲಿ ಕನ್ನಡ ಆಡುತ್ತಾ ಬೆಳೆದವರು. ಮುಂಬಯಿ, ಪುಣೆಗಳಲ್ಲಿ ಕಟ್ಟಡ ಕಟ್ಟುವವರಲ್ಲಿ ವಿಜಾಪುರ, ಕಲಬುರಗಿ, ಯಾದಗಿರಿಯ ಕಡೆಯಿಂದ ಬಂದವರು ಎಷ್ಟೋ ಜನ. ಅವರ ಮಾತನ್ನು ನೇರವಾಗಿ ಕೇಳಿಸಿಕೊಂಡು, ದಾನಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಬರೆಯಬಲ್ಲವರು ಸಂಸ್ಥೆಗಳಿಗೆ ಸುಲಭವಾಗಿ ಸಿಗುವುದಿಲ್ಲ. "ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ ಆಂಟಿ" ಎಂದು ಸಂಕೋಚಪಡುವವರಿಗೆ ಒಂದು ಮಾತು: ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವರನ್ನು ಮಾತಾಡಿಸುವಷ್ಟು ಇದ್ದರೆ ಸಾಕು. ಕಂಪ್ಯೂಟರಿಗೆ ಹೇಳಿದರೆ ಅದೇ ಈಗ ಪತ್ರ ಬರೆದುಕೊಡುತ್ತದಲ್ಲ ಎಂದು ನನ್ನ ಮಗನೂ ಹೇಳುತ್ತಾನೆ. ನಿಜ, ನುಣುಪಾಗಿಯೇ ಬರೆಯುತ್ತದೆ. ಆದರೆ ಖೋಲಿ ಬೇಕೋ ಊಟ ಬೇಕೋ ಎಂದು ಯಾರಾದರೂ ಹೋಗಿ ಕೇಳಿ ಬರಬೇಕಲ್ಲ!

ಆಸಕ್ತಿಯುಳ್ಳವರು ನಿಮ್ಮ ಬಡಾವಣೆಯ ಒಂದು ಚಿಕ್ಕ ಸಂಸ್ಥೆಗೆ ಹೋಗಿ, ಎರಡು ಗಂಟೆ ಕುಳಿತು ನೋಡಿ, ಅವರ ಒಬ್ಬ ದಾನಿಗೆ ಒಂದು ಪುಟದ ಧನ್ಯವಾದ ಪತ್ರ ಬರೆಯಿರಿ. ಭಾನುವಾರ ಬೆಳಿಗ್ಗೆ ನಾನು ಸಂಘದ ಗ್ರಂಥಾಲಯದಲ್ಲಿ ಇರುತ್ತೇನೆ. ಪತ್ರ ತನ್ನಿ, ಕೂತು ತಿದ್ದೋಣ. ಚಹಾದ ಖರ್ಚು ನನ್ನದು.