ಮಿಸ್ತೇರ್ ವಿಮಾನವು ಫಾಲ್ಕನ್ ಆದ ಬಗೆ

ನೂರಾರು ಮಂದಿಯನ್ನು ಹೊತ್ತೊಯ್ಯುವ ಮಹಾವಿಮಾನಗಳ ಸಂಗತಿಯನ್ನು ನಾವು ಬಲ್ಲೆವು. ಎಂಟು ಹತ್ತು ಮಂದಿಗೆಂದು ರಚಿತವಾದ ಪುಟ್ಟ ಜೆಟ್ ವಿಮಾನದ ಕಥೆಯೂ ಅರಿಯತಕ್ಕದ್ದೇ ಆಗಿದೆ.

ಫ್ರಾನ್ಸಿನ ಮಾರ್ಸೆಲ್ ದಸ್ಸೋ ಅವರು ಯುದ್ಧವಿಮಾನಗಳ ನಿರ್ಮಾಪಕರೆಂದು ಹೆಸರಾದವರು. 1953ರಲ್ಲಿ ಭಾರತೀಯ ವಾಯುಸೇನೆಯನ್ನು ಸೇರಿದ ‘ತೂಫಾನಿ’ಯೂ ಅವರ ಕಾರ್ಖಾನೆಯದೇ. ಉದ್ಯಮಿಗಳು ಬೇಕಾದ ಹೊತ್ತಿಗೆ ಬೇಕಾದ ಊರನ್ನು ಸೇರಲು ಅನುಕೂಲವಾಗುವ ವಿಮಾನವೊಂದನ್ನು ನಿರ್ಮಿಸಲು 1961ರ ಕೊನೆಯಲ್ಲಿ ಅವರು ಒಪ್ಪಿಗೆಯಿತ್ತರು. ಅದೇ ‘ಮಿಸ್ತೇರ್ 20’.

ವೇಗಕ್ಕಾಗಿ ಇದರ ರೆಕ್ಕೆಗಳನ್ನು ಯುದ್ಧವಿಮಾನದಂತೆ ಹಿಂದಕ್ಕೆ ಓರೆಯಾಗಿಸಿದರು. ಎರಡು ಎಂಜಿನ್‌ಗಳನ್ನು ಒಡಲಿನ ಹಿಂಬದಿಯ ಇಕ್ಕೆಲಗಳಲ್ಲಿ ಅಳವಡಿಸಿದರು. ಇದರಿಂದ ರೆಕ್ಕೆಯ ಮೇಲೆ ಗಾಳಿ ತಡೆಯಿಲ್ಲದೆ ಹರಿಯುವುದು. ಸದ್ದಿನ ಹೆಚ್ಚುಪಾಲು ಪ್ರಯಾಣಿಕರ ಹಿಂದೆಯೇ ಉಳಿಯುವುದು.

1963ರ ಮೇ 4ರಂದು ಬೋರ್ಡೋ ಬಳಿಯ ಮೆರಿನ್ಯಾಕ್‌ನಲ್ಲಿ ವಿಮಾನವು ಮೊದಲ ಬಾರಿಗೆ ಹಾರಿತು. ಅದೇ ಕಾಲಕ್ಕೆ ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯು ಇಂಥದೊಂದು ಜೆಟ್ಟನ್ನು ಅರಸುತ್ತಿತ್ತು. 1927ರಲ್ಲಿ ಒಬ್ಬಂಟಿಗರಾಗಿ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರು ಅದರ ಸಲಹೆಗಾರರು. ಈ ವಿಮಾನ ಅವರ ಮನಸ್ಸಿಗೆ ಬಂದಿತು. ಆದರೆ ಹೆಚ್ಚು ಶಕ್ತಿಯ ಎಂಜಿನ್ ಬೇಕೆಂಬುದು ಪ್ಯಾನ್ ಆಮ್‌ನ ಬೇಡಿಕೆಯಾಗಿತ್ತು. ಅಮೆರಿಕದ ವಿಶಾಲ ಮಾರುಕಟ್ಟೆಗೆ ಇದುವೇ ಹೆಬ್ಬಾಗಿಲು; ಹಾರಿ ಗೆದ್ದ ವಿಮಾನವನ್ನೇ ಮತ್ತೆ ತಿದ್ದಬೇಕಾಯಿತು.

ಮೊದಲಿನ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳು ಹೋಗಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಿ.ಎಫ್. 700 ಎಂಜಿನ್‌ಗಳು ಬಂದವು. ಇವುಗಳ ಹಿಂಭಾಗದಲ್ಲೊಂದು ಫ್ಯಾನ್ ಉಂಟು. ಅದು ಉರಿಯುವ ಭಾಗದ ಹೊರಸುತ್ತಿನಿಂದಲೂ ಗಾಳಿಯನ್ನು ಹಿಂದಕ್ಕೆ ನೂಕುವುದರಿಂದ ಬಲ ಹೆಚ್ಚುವುದು, ಇಂಧನ ಉಳಿಯುವುದು. ಚಕ್ರಗಳೂ ಜೋಡಿಯಾದವು. ತಿದ್ದಿದ ವಿಮಾನವು 1964ರ ಜುಲೈ 10ರಂದು ಹಾರಿತು. ಪ್ಯಾನ್ ಆಮ್ 40 ವಿಮಾನಗಳನ್ನು ಬೇಡಿ, ಇನ್ನೂ 120ನ್ನು ಕೊಳ್ಳುವ ಹಕ್ಕನ್ನು ಕಾದಿರಿಸಿಕೊಂಡಿತು. ಅಮೆರಿಕದಲ್ಲಿ ಇದಕ್ಕೆ ‘ಫಾಲ್ಕನ್’, ಅಂದರೆ ಬೇಟೆಯ ಗಿಡುಗ, ಎಂಬ ಹೆಸರಾಯಿತು.

1965ರ ಜೂನ್ 10ರಂದು ಜಾಕ್ಲೀನ್ ಓರಿಯೋಲ್ ಎಂಬ ವೀರವನಿತೆ ಇದನ್ನು 1,000 ಕಿಲೋಮೀಟರ್ ದೂರ ಗಂಟೆಗೆ 859 ಕಿಲೋಮೀಟರ್ ಸರಾಸರಿ ವೇಗದಲ್ಲಿ ನಡೆಸಿ ಮಹಿಳಾ ದಾಖಲೆ ಸ್ಥಾಪಿಸಿದರು. 1973ರ ಏಪ್ರಿಲ್ 17ರ ರಾತ್ರಿ ಫೆಡರಲ್ ಎಕ್ಸ್‌ಪ್ರೆಸ್ ಸಂಸ್ಥೆಯು ಮೆಂಫಿಸ್ ನಗರದಿಂದ 14 ಫಾಲ್ಕನ್‌ಗಳಲ್ಲಿ 186 ಪೊಟ್ಟಣಗಳನ್ನು 25 ನಗರಗಳಿಗೆ ಸಾಗಿಸಿ ತನ್ನ ವ್ಯವಹಾರವನ್ನಾರಂಭಿಸಿತು. ಧನಿಕರ ವಾಹನವು ಹೀಗೆ ಜನಸಾಮಾನ್ಯರ ಅಂಚೆಯ ಗಾಡಿಯೂ ಆಯಿತು.

1988ರಲ್ಲಿ ನಿರ್ಮಾಣ ನಿಲ್ಲುವ ವೇಳೆಗೆ ಸುಮಾರು 500 ವಿಮಾನಗಳು ಹೊರಬಂದಿದ್ದವು. ಯುದ್ಧವಿಮಾನಗಳಲ್ಲಿ ಕೀರ್ತಿ ಗಳಿಸಿದ್ದ ಕಾರ್ಖಾನೆಯು ಕೊಳ್ಳುವವರ ಮಾತಿಗೆ ಕಿವಿಗೊಟ್ಟು ತನ್ನ ಕೃತಿಯನ್ನು ತಿದ್ದಿಕೊಂಡಿತು. ಕಲಿಯುವ ಮಕ್ಕಳಿಗೂ ಕಲಿಸುವ ನಮಗೂ ಇದು ಮನನೀಯವಾದ ಪಾಠವೆಂದು ನಾವು ಭಾವಿಸುತ್ತೇವೆ.