ಹುಳಾ ಮುಟ್ಟೈತ್ರಿ ಡಾಕ್ಟರ್!

ನಾವು ಓದಿದ ವೈದ್ಯಶಾಸ್ತ್ರದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ರೋಗಿಗಳು ತಮ್ಮ ಬೇನೆ ಹೇಳಿಕೊಳ್ಳುವುದು ಮಾತ್ರ ಅಚ್ಚ ಕನ್ನಡದಲ್ಲಿ. ಅದೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕನ್ನಡ. ಇಲ್ಲಿ 'ಬ್ಯಾನಿ' ಎಂದರೆ ನೋವೂ ಹೌದು, ರೋಗವೂ ಹೌದು. ಕೆಲವು ಮಾತುಗಳು ರೋಗವನ್ನು ತೋರಿಸಿಕೊಡುತ್ತವೆ, ಇನ್ನು ಕೆಲವು ಮುಚ್ಚಿಡುತ್ತವೆ. ಈ ವಾರ ಅಂಥ ನಾಲ್ಕು ಮಾತುಗಳನ್ನು ನೋಡೋಣ. ಜೊತೆಗೆ ಇತ್ತೀಚಿನ ಒಂದಿಷ್ಟು ವಿಜ್ಞಾನ ಸುದ್ದಿ, ತುಸು ನಗು.

ಹುಳ

ಹೊಲದಲ್ಲಿ ಹಾವು ಕಡಿದರೆ ನಮ್ಮ ಜನ 'ಹಾವು' ಎಂದು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ. 'ಹುಳಾ ಮುಟ್ಟೈತ್ರಿ' ಎನ್ನುತ್ತಾರೆ. ಆ ಮಾತಿನಲ್ಲಿ ಅಂಜಿಕೆಯೂ ಇದೆ, ನಾಗಪ್ಪನ ಮೇಲಿನ ಭಕ್ತಿಯೂ ಇದೆ. ಆದರೆ ದೂರದ ಊರಿನಿಂದ ಹೊಸದಾಗಿ ಬಂದ ವೈದ್ಯರಿಗೆ ಹುಳ ಎಂದರೆ ಹೊಟ್ಟೆಯ ಜಂತು! 'ಹುಳಾ ಮುಟ್ಟೈತಿ, ಹೊಟ್ಟಿ ಭಾಳ ಬ್ಯಾನಿ ಆಗತೈತಿ' ಎಂದರೆ ಅವರು ಜಂತಿನ ಮಾತ್ರೆ ಬರೆದುಕೊಟ್ಟಾರು.

ಇದು ಬರೀ ನಗುವ ಮಾತಲ್ಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದಾಗ ನೋವು, ಬಾವು, ಹಲ್ಲಿನ ಗುರುತು ಯಾವುದೂ ಕಾಣದಿರಬಹುದು. ಬೆಳಗಿನ ಜಾವಕ್ಕೆ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ 'ಹಾವು ಕಡಿದಿರಬಹುದು' ಎಂಬ ಒಂದು ನೇರ ಮಾತು ಜೀವ ಉಳಿಸುತ್ತದೆ.

ಹಾವಿನ ಸುದ್ದಿಯೊಂದು 2025ರ ಮೇ ತಿಂಗಳಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಮೆರಿಕದ ಟಿಮ್ ಫ್ರೀಡ್ ಎಂಬಾತ ಸುಮಾರು 18 ವರ್ಷ ತನಗೆ ತಾನೇ ಹಾವಿನ ವಿಷ ಚುಚ್ಚಿಕೊಂಡ. ಬೇಕೆಂದೇ ಸುಮಾರು 200 ಸಲ ಕಚ್ಚಿಸಿಕೊಂಡ. ನಮ್ಮ ಕಡೆಯಾಗಿದ್ದರೆ ಇಂಥವನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರುತ್ತಿರಲಿಲ್ಲ! ಆತನ ರಕ್ತದಲ್ಲಿದ್ದ ಪ್ರತಿಕಾಯಗಳಿಗೆ ಒಂದು ಔಷಧಿ ಬೆರೆಸಿ ಇಲಿಗಳ ಮೇಲೆ ಪ್ರಯೋಗಿಸಿದಾಗ, ನಾಗರ ಮತ್ತು ಕಟ್ಟುಹಾವಿನ ಕುಟುಂಬದ 19 ಬಗೆಯ ಹಾವುಗಳ ವಿಷಕ್ಕೆ ಪೂರ್ತಿಯಾಗಿ ಇಲ್ಲವೇ ಭಾಗಶಃ ತಡೆ ಸಿಕ್ಕಿತು. ಆದರೆ ಇದು ಕೊಳಕುಮಂಡಲದಂಥ ಮಂಡಲದ ಹಾವುಗಳಿಗೆ ಅಲ್ಲ. ಇಲಿಯಿಂದ ಮನುಷ್ಯನವರೆಗಿನ ದಾರಿಯೂ ದೂರವಿದೆ. ಆದ್ದರಿಂದ ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷವೇ ನಮಗೆ ಆಧಾರ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಡಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕೈಕಾಲು ಅಲುಗದ ಹಾಗೆ ಇಟ್ಟು ಆಸ್ಪತ್ರೆಗೆ ತನ್ನಿ. ಹಾವನ್ನು ಹಿಡಿದು ತರುವ ಸಾಹಸ ಬೇಡ. ನಮಗೆ ರೋಗಿ ಸಾಕು!

ಗ್ಯಾಸ್

'ಎದ್ಯಾಗ ಗ್ಯಾಸ್ ಹಿಡದೈತ್ರಿ, ಒಂದ ಸೂಜಿ ಮಾಡ್ರಿ.' ಈ ಮಾತು ಕೇಳದ ವೈದ್ಯರು ನಮ್ಮ ನಾಲ್ಕೂ ಊರುಗಳಲ್ಲಿ ಇರಲಾರರು. ಈ 'ಗ್ಯಾಸ್' ಪದವನ್ನು ಹುಟ್ಟುಹಾಕಿದವನು 17ನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್. ಗ್ರೀಕ್ ಭಾಷೆಯ 'ಖಾವೋಸ್' ಎಂಬ ಪದದಿಂದ ಅದನ್ನು ಮಾಡಿಕೊಂಡ. ಖಾವೋಸ್ ಎಂದರೆ ಅವ್ಯವಸ್ಥೆ, ಗೊಂದಲ. ನಮ್ಮ ದವಾಖಾನೆಗಳಲ್ಲಿಯೂ ಅದು ಮಾಡುತ್ತಿರುವುದು ಅದೇ ಕೆಲಸ!

ಹೃದಯದ ನೋವಿಗೆ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ 'ಆಂಜೈನಾ' ಎಂದು ಹೆಸರಿಟ್ಟ. ಅದರ ಲ್ಯಾಟಿನ್ ಮೂಲದ ಅರ್ಥ ಹಿಸುಕುವುದು, ಬಿಗಿಯುವುದು. ನಮ್ಮ ಅಜ್ಜಂದಿರು ಹೇಳುತ್ತಿದ್ದ 'ಎದಿ ಹಿಂಡತೈತಿ' ಎಂಬ ಮಾತೂ ಅದೇ. ಲ್ಯಾಟಿನ್ ಕಲಿಯದ ಅಜ್ಜನ ಮಾತು ನಿಖರವಾಗಿತ್ತು. ಶಾಲೆ ಕಲಿತ ಮೊಮ್ಮಗನ 'ಗ್ಯಾಸ್' ದಾರಿ ತಪ್ಪಿಸುತ್ತಿದೆ.

ಎದೆ ಹಿಂಡಿದಂತಾಗಿ ನೋವು ಎಡಗೈಗೆ, ದವಡೆಗೆ ಇಲ್ಲವೇ ಬೆನ್ನಿಗೆ ಹಬ್ಬಿ, ತಣ್ಣನೆಯ ಬೆವರು ಬಂದರೆ ಸೋಡಾ ಕುಡಿಯುತ್ತ ಕೂಡಬೇಡಿ. 108ಕ್ಕೆ ಕರೆ ಮಾಡಿ. ಬೇಗ ಇಸಿಜಿ ಆಗಬೇಕು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಣ್ಣುಮಕ್ಕಳಿಗೆ ನೋವೇ ಇಲ್ಲದೆ ಬರೀ ದಮ್ಮು, ಸುಸ್ತು, ಬೆವರು ಕಾಣಿಸಬಹುದು. ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆ ಬಂದ ಮೇಲೆ, ಅದಕ್ಕೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿದೆ. ಆದರೆ ಅದು ಫಲಿಸುವುದು ಮೊದಲ ಕೆಲವು ತಾಸುಗಳಲ್ಲಿ ಮಾತ್ರ.

ಸಕ್ರಿ ಬ್ಯಾನಿ

'ಸಕ್ರಿ ಪೂರಾ ಬಿಟ್ಟೇನ್ರಿ ಸಾಹೇಬ್ರ.'

'ಮತ್ತ ಚಹಾಕ್ಕ ಏನ್ ಹಾಕ್ತೀರಿ?'

'ಬರೇ ಬೆಲ್ಲಾರಿ. ನಮ್ಮ ಹೊಲದ್ದ ಐತಿ.'

ಕಬ್ಬಿನ ಸೀಮೆಯಾದ ಮುಧೋಳ, ಜಮಖಂಡಿಗಳಲ್ಲಿ ಇದು ನಿತ್ಯದ ಸಂಭಾಷಣೆ. ಸಕ್ಕರೆಯೂ ಬೆಲ್ಲವೂ ಒಂದೇ ಕಬ್ಬಿನ ಮಕ್ಕಳು. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸುಕ್ರೋಸ್, ಅಂದರೆ ಸಕ್ಕರೆಯೇ. ಹೊಲ ಸ್ವಂತದ್ದಾದರೆ ರಕ್ತಕ್ಕೆ ಗೊತ್ತಾಗುವುದಿಲ್ಲ! 'ಸಕ್ರಿ ಬ್ಯಾನಿ' ಎಂಬ ಹೆಸರೇ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. ಸಕ್ಕರೆಯೊಂದನ್ನು ಬಿಟ್ಟರೆ ಸಾಕೆಂದು ತಿಳಿದು ಅನ್ನದ ರಾಶಿ, ಕೂತಲ್ಲೇ ಕೂಡುವ ರೂಢಿ, ಹೊಟ್ಟೆಯ ಬೊಜ್ಜನ್ನು ಮರೆಯುತ್ತೇವೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ.

ರಕ್ತ ಪರೀಕ್ಷೆಗೆ ಮೊದಲು ಮೂರು ದಿನ ಪಥ್ಯ ಮಾಡಿ ಬರುವ ಜಾಣರಿದ್ದಾರೆ. ಅವರಿಗೊಂದು ಕಿವಿಮಾತು: ಎಚ್‌ಬಿಎ1ಸಿ ಎಂಬ ಪರೀಕ್ಷೆ ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಲೆಕ್ಕವನ್ನೇ ಹೇಳಿಬಿಡುತ್ತದೆ. ಮದುವೆ ಮನೆಯ ಹೋಳಿಗೆಯೂ ಅದರಲ್ಲಿ ಜಮಾ!

ಇನ್ನೊಂದು ಸೋಜಿಗ. ಸಕ್ಕರೆಯನ್ನೂ ತೂಕವನ್ನೂ ಇಳಿಸುವ ಹೊಸ ಇಂಜೆಕ್ಷನ್ನುಗಳ ಹೆಸರು ಈಗ ಎಲ್ಲರ ಬಾಯಲ್ಲಿದೆ. ಈ ಗುಂಪಿನ ಮೊದಲ ಔಷಧಿಗೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು. ಅದರ ಮೂಲ ದೊರೆತದ್ದು 'ಗಿಲಾ ಮಾನ್ಸ್ಟರ್' ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ. ಹಲ್ಲಿ ಬಿದ್ದರೆ ಶಕುನ ನೋಡುವ ನಮಗೆ ಇದು ಶುಭಶಕುನವೇ! ಆದರೆ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವ ವಸ್ತು ಅದಲ್ಲ.

ಗುಂಯ್

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸಪ್ಪಳವೇ ಊರಿನ ಉಸಿರು. ವಿದ್ಯುತ್ ಮಗ್ಗಗಳ ನಡುವೆ ಹತ್ತಾರು ವರ್ಷ ದುಡಿದವರು ಮೆಲ್ಲಗೆ ಮಾತನಾಡುವುದನ್ನೇ ಮರೆತಿರುತ್ತಾರೆ. ಹೊರಗಿನವರಿಗೆ ಜಗಳದಂತೆ ಕೇಳಿಸುತ್ತದೆ, ಒಳಗೆ ನಡೆದಿರುವುದು ಬೀಗರ ಉಪಚಾರ! 'ಕಿವಿ ಗುಂಯ್ ಅಂತೈತಿ, ಅದೇನ್ ದೊಡ್ಡ ಬ್ಯಾನಿ ಅಲ್ರಿ' ಎನ್ನುತ್ತಾರೆ. ಇದಕ್ಕೆ ವೈದ್ಯರ ಮಾತು 'ಟಿನ್ನಿಟಸ್'. ಲ್ಯಾಟಿನ್ನಿನಲ್ಲಿ ಗಂಟೆಯಂತೆ ನಿನದಿಸುವುದು ಎಂದರ್ಥ. ಅದು ನಿಜವಾಗಿಯೂ ಎಚ್ಚರಿಕೆಯ ಗಂಟೆ. 85 ಡೆಸಿಬೆಲ್ಲಿಗಿಂತ ಹೆಚ್ಚಿನ ಸಪ್ಪಳದಲ್ಲಿ ದಿನಕ್ಕೆ ಎಂಟು ತಾಸು, ವರ್ಷಗಟ್ಟಲೆ ದುಡಿದರೆ ಒಳಕಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ.

'ಲ್ಯಾನ್ಸೆಟ್' ಪತ್ರಿಕೆಯ ಆಯೋಗ 2024ರಲ್ಲಿ ಮರೆವಿನ ಕಾಯಿಲೆಗೆ ಕಾರಣವಾಗುವ, ಆದರೆ ನಾವು ತಡೆಯಬಲ್ಲ 14 ಅಂಶಗಳನ್ನು ಪಟ್ಟಿ ಮಾಡಿತು. ಕಿವುಡುತನ ಅವುಗಳಲ್ಲೊಂದು. ಕಿವಿಗೆ ಅರಳೆ ತುರುಕಿಕೊಂಡರೆ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಬಿರಡೆಗಳನ್ನು ಹಾಕಿಕೊಳ್ಳಿ. ಸೀರೆಗೆ ಬಣ್ಣ ಆರಿಸುವಷ್ಟೇ ಕಾಳಜಿ ಕಿವಿಯ ಮೇಲೂ ಇರಲಿ.

ಕೊನೆಗೆ ಒಂದು ಸೂಚನೆ. ದವಾಖಾನೆಗೆ ಬಂದಾಗ ರೋಗದ ಹೆಸರನ್ನು ನೀವು ಹೇಳಬೇಕಾಗಿಲ್ಲ. ಅದು ನಮ್ಮ ಕೆಲಸ. ಎಲ್ಲಿ ಬ್ಯಾನಿ, ಯಾವಾಗಿನಿಂದ, ಹಿಂಡುತ್ತದೆಯೋ ಉರಿಯುತ್ತದೆಯೋ ಚುಚ್ಚುತ್ತದೆಯೋ, ಈ ಮೂರನ್ನು ನಿಮ್ಮ ಮನೆಯ ಮಾತಿನಲ್ಲೇ ಹೇಳಿ. ಅಷ್ಟು ಹೇಳಿದರೆ ನಮ್ಮ ಅರ್ಧ ಪರೀಕ್ಷೆ ಮುಗಿದಂತೆ.