ಶೇಲ್ ಅನಿಲವೂ ನೀರಿನ ಕಟ್ಟಳೆಯೂ

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ನೆಲದಡಿಯಲ್ಲಿ ಮಾರ್ಸೆಲಸ್ ಎಂಬ ಶೇಲ್ ಶಿಲೆಯ ಪದರವು ಹಬ್ಬಿದೆ. ಅದರ ಸೂಕ್ಷ್ಮ ರಂಧ್ರಗಳಲ್ಲಿ ಸೆರೆಯಾಗಿರುವ ಅನಿಲವು ಬಾವಿ ಕೊರೆದ ಮಾತ್ರಕ್ಕೆ ಹೊರಬಾರದು. ಮರಳನ್ನೂ ರಾಸಾಯನಿಕಗಳನ್ನೂ ಬೆರೆಸಿದ ನೀರನ್ನು ಭಾರಿ ಒತ್ತಡದಿಂದ ನುಗ್ಗಿಸಿ ಶಿಲೆಯನ್ನು ಸೀಳಬೇಕು. ಸೀಳಿದ ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ಮರಳು ತಡೆಯುತ್ತದೆ. ಒಂದು ಬಾವಿಗೆ ಕೋಟಿಗೂ ಮಿಕ್ಕ ಲೀಟರು ನೀರು ಬೇಕಾಗುವುದುಂಟು. ಆದುದರಿಂದ ಇದು ಅನಿಲದ ಉದ್ಯಮವಾಗಿರುವಷ್ಟೇ ನೀರಿನ ಉದ್ಯಮವೂ ಹೌದು.

ಈ ನೀರಿಗೆ ಮೂರು ಅವಸ್ಥೆಗಳುಂಟು: ಹೊಳೆಯಿಂದ ಎತ್ತುವುದು, ಭೂಗರ್ಭಕ್ಕೆ ನುಗ್ಗಿಸುವುದು, ಮರಳಿ ಬಂದುದನ್ನು ವಿಲೇವಾರಿ ಮಾಡುವುದು. ನೀರು ಒಂದೇ ಆದರೂ ಕಾನೂನು ಅದನ್ನು ಮೂರಾಗಿ ಕಂಡಿತು.

ಎತ್ತುವ ನೀರಿನ ವಿಷಯದಲ್ಲಿ ಸಸ್ಕ್ವಿಹಾನ ನದೀ ಕೊಳ್ಳದ ಆಯೋಗವು ಬಿಗಿಯಾಗಿ ನಡೆದುಕೊಂಡಿತು. ಆಯೋಗದ ಅನುಮತಿಯಿಲ್ಲದೆ ಅನಿಲದ ಕಂಪನಿಗಳು ಆ ಹೊಳೆಗಳ ನೀರನ್ನು ಮುಟ್ಟುವಂತಿಲ್ಲ. ಹರಿವು ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದಾಗ ಅನೇಕ ಕಡೆಗಳಲ್ಲಿ ಎತ್ತುವುದನ್ನೇ ನಿಲ್ಲಿಸಬೇಕು. ಆದರೆ ಅದರ ಅಧಿಕಾರ ತನ್ನ ಕೊಳ್ಳದಾಚೆಗೆ ಸಲ್ಲದು.

ನುಗ್ಗಿಸುವ ನೀರಿನ ಕಥೆ ಬೇರೆ. ಕುಡಿಯುವ ನೀರಿನ ರಕ್ಷಣೆಗೆಂದು 1974ರಲ್ಲಿ ಒಕ್ಕೂಟದ ಕಾನೂನೊಂದು ಬಂದಿತ್ತು. 2005ರ ಶಕ್ತಿನೀತಿ ಶಾಸನವು, ಡೀಸೆಲ್ ಬಳಸಿದ ಸಂದರ್ಭವೊಂದನ್ನುಳಿದು, ಶಿಲೆ ಸೀಳುವ ಈ ಕ್ರಿಯೆಯನ್ನು ಅದರ ಅಂತಃಕ್ಷೇಪಣ ನಿಯಮಗಳಿಂದ ಹೊರಗಿರಿಸಿತು. ಹೊಣೆಯ ಬಹುಭಾಗ ಸಂಸ್ಥಾನಗಳ ಮೇಲೆ ಬಿದ್ದಿತು.

ಮರಳಿ ಬರುವ ನೀರೇ ಎಲ್ಲಕ್ಕಿಂತ ತೊಡಕಿನದು. ಅದು ಸಮುದ್ರದ ನೀರಿಗಿಂತಲೂ ಉಪ್ಪಾಗಿರಬಲ್ಲದು. ಬೇರಿಯಂ, ರೇಡಿಯಂಗಳನ್ನೂ ಹೊತ್ತು ತರುತ್ತದೆ. ಆರಂಭದ ವರ್ಷಗಳಲ್ಲಿ ಇದರ ಒಂದು ಭಾಗವನ್ನು ಪಟ್ಟಣಗಳ ಕೊಳಚೆ ಶುದ್ಧೀಕರಣ ಕೇಂದ್ರಗಳಿಗೆ ಸಾಗಿಸಲಾಯಿತು. ಆ ಕೇಂದ್ರಗಳಿಗೆ ಉಪ್ಪನ್ನು ತೆಗೆಯುವ ಶಕ್ತಿಯಿರಲಿಲ್ಲ. ಬಂದ ಉಪ್ಪು ಹಾಗೆಯೇ ಹೊಳೆ ಸೇರಿತು. 2008ರಲ್ಲಿ ಮೊನಾಂಗಹೀಲ ನದಿಯಲ್ಲಿ ಲವಣಾಂಶವು ಮಿತಿಮೀರಿತು. ಕಲ್ಲಿದ್ದಲ ಗಣಿಗಳ ನೀರೂ ಬತ್ತಿದ ಹರಿವೂ ಅದಕ್ಕೆ ಕಾರಣವಾಗಿದ್ದುವಾದರೂ ಅನಿಲದ ಬಾವಿಗಳ ಪಾಲನ್ನು ಅಲ್ಲಗಳೆಯುವಂತಿರಲಿಲ್ಲ. ಇಂಥ ಉಪ್ಪುನೀರಿನಲ್ಲಿರುವ ಬ್ರೋಮೈಡು, ಕುಡಿಯುವ ನೀರನ್ನು ಶುದ್ಧಗೊಳಿಸಲು ಬೆರೆಸುವ ಕ್ಲೋರಿನ್ನಿನೊಡನೆ ಸೇರಿ ಹಾನಿಕರ ಸಂಯುಕ್ತಗಳಿಗೆ ಎಡೆಮಾಡುತ್ತದೆ. ಶುದ್ಧಿಯ ಸಾಧನವೇ ಅಶುದ್ಧಿಗೆ ನಿಮಿತ್ತವಾಗುವ ವೈಪರೀತ್ಯವಿದು.

2011ರಲ್ಲಿ ಸಂಸ್ಥಾನ ಸರ್ಕಾರವು ಈ ಪದ್ಧತಿಯನ್ನು ಕೈಬಿಡುವಂತೆ ಕಂಪನಿಗಳನ್ನು ಕೇಳಿಕೊಂಡಿತು. ಆಜ್ಞೆಯಲ್ಲದ ಈ ಕೋರಿಕೆಯೂ ಬಹುಮಟ್ಟಿಗೆ ಫಲಿಸಿತು. ನೀರನ್ನು ಹೊಸ ಬಾವಿಗಳಲ್ಲಿ ಮತ್ತೆ ಬಳಸುವ ರೂಢಿ ಬೆಳೆಯಿತು. ಒಕ್ಕೂಟದ ಸ್ಪಷ್ಟ ನಿಷೇಧ ಬಂದುದು 2016ರಲ್ಲಿ. ಎತ್ತುವಲ್ಲಿ ತೋರಿದ ಎಚ್ಚರವನ್ನು ಚೆಲ್ಲುವಲ್ಲಿಯೂ ಮೊದಲೇ ತೋರಿದ್ದರೆ, ಹೊಳೆಯ ಕೆಳಗಣ ಊರುಗಳು ಆ ಉಪ್ಪನ್ನು ಉಣ್ಣಬೇಕಾಗಿರಲಿಲ್ಲ.